ಅಪ್‌ಡೇಟ್: ಮೊದಲ ಕ್ಷೌರದ ಆಮಂತ್ರಣ ಪತ್ರ ಸಿದ್ಧವಾಯಿತು

ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುತ್ತಿರುವ ಅಜ್ಜಿಯ ಮರಿಮೊಮ್ಮಗನ ‘ಉಪ್ಶೆರಿನ್’, ಅಂದರೆ ಯೆಹೂದಿ ಸಂಪ್ರದಾಯದಂತೆ ಮೂರು ವರ್ಷ ತುಂಬಿದ ಗಂಡುಮಗುವಿನ ಮೊದಲ ಕ್ಷೌರದ ಆಮಂತ್ರಣದಲ್ಲಿ ದಿನಾಂಕವನ್ನು ಹೇಗೆ ನಮೂದಿಸಬೇಕೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮಗುವಿನ ಹುಟ್ಟುಹಬ್ಬ ಹೀಬ್ರೂ ಪಂಚಾಂಗದ ನಿಸಾನ್ ಮಾಸದ 27ರಂದು ಬರುತ್ತದೆ. ಆದರೆ ಯೆಹೂದಿಗಳ ಪೆಸಾಹ್ ಹಬ್ಬದ ಎರಡನೆಯ ದಿನದಿಂದ ಎಣಿಸುವ 49 ದಿನಗಳ ಓಮೆರ್ ಅವಧಿಯಲ್ಲಿ ಈ ಮನೆಯವರು ಕೂದಲು ಕತ್ತರಿಸುವುದಿಲ್ಲವಾದ್ದರಿಂದ, ಸಮಾರಂಭವನ್ನು ಎಣಿಕೆಯ 33ನೆಯ ದಿನವಾದ ಲಾಗ್ ಬಾಓಮೆರ್‌ಗೆ, ಅಂದರೆ ಮುಂದಿನ ಮಾಸವಾದ ಇಯಾರ್‌ನ 18ಕ್ಕೆ, ಮುಂದೂಡಿದ್ದಾರೆ. ಯೆಹೂದಿ ದಿನ ಸೂರ್ಯಾಸ್ತಕ್ಕೇ ಆರಂಭವಾಗುತ್ತದೆಂಬುದನ್ನು ಮರೆತು ನಾನು ಕರಡಿನಲ್ಲಿ ‘2026 ಮೇ 5, ರಾತ್ರಿ 8’ ಎಂದು ಬರೆದಿದ್ದೆ. ಅಷ್ಟು ಹೊತ್ತಿಗೆ ಆ ದಿನವೇ ಮುಗಿದಿರುತ್ತದೆ! ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು ನಕ್ಕರು. ಈಗ ‘ಮಂಗಳವಾರ, ಸಂಜೆ 4’ ಎಂದಿದ್ದು, ಅದರ ಮೇಲೆ ಹೀಬ್ರೂ ತಾರೀಖೂ ಇದೆ.

ಪ್ರಾಚೀನ ಯೆಹೂದಿ ಧರ್ಮಗುರು ರಬ್ಬಿ ಶಿಮೋನ್ ಬಾರ್ ಯೋಹಾಯ್ ಅವರ ಸಮಾಧಿಯಿರುವ, ಲಾಗ್ ಬಾಓಮೆರ್‌ಗೆ ಭಾರೀ ಜನ ಸೇರುವ ಉತ್ತರ ಇಸ್ರೇಲಿನ ಮೆರೋನಿನಲ್ಲೇ ನಡೆಸೋಣವೆಂದು ಕೆಲವು ನೆಂಟರು ಪಟ್ಟು ಹಿಡಿದಿದ್ದರು. 2021ರಲ್ಲಿ ಇದೇ ಹಬ್ಬದಂದು ಅಲ್ಲಿನ ನೂಕುನುಗ್ಗಲಿನಲ್ಲಿ 45 ಮಂದಿ ಮೃತಪಟ್ಟದ್ದನ್ನು ನೆನೆದು, ಗಾಲಿಕುರ್ಚಿಯಲ್ಲಿರುವ ಅಜ್ಜಿಯನ್ನು ಕರೆದೊಯ್ಯುವುದು ಬೇಡವೆಂದು ಮನೆಯಲ್ಲೇ ನಡೆಸಲು ನಿಶ್ಚಯಿಸಿದರು. ನನಗೂ ಅದೇ ಸರಿಯೆನಿಸಿತು.

ನಿಮ್ಮ ಸಲಹೆಯಂತೆ, ಅತಿಥಿಗಳು ಒಂದೊಂದು ಎಳೆ ಕತ್ತರಿಸಬಹುದೆಂದೂ ಕಿವಿಯ ಬಳಿಯ ಪೆಯೋತ್ ಕೂದಲನ್ನು ಮಾತ್ರ ಮುಟ್ಟಬಾರದೆಂದೂ ಸೇರಿಸಿದೆವು. ಅಡುಗೆಮನೆ ಕೋಷರ್, ಅಂದರೆ ಯೆಹೂದಿ ಆಹಾರನಿಯಮ ಪಾಲಿಸುವಂಥದ್ದು ಆದ್ದರಿಂದ ಅತಿಥಿಗಳು ತಮ್ಮ ಮನೆಯಲ್ಲಿ ಮಾಡಿದ ತಿಂಡಿ ತರಬಾರದೆಂಬ ಕೊನೆಯ ಸಾಲನ್ನು, ಯಾರಿಗೂ ನೋವಾಗದಂತೆ, ಅಜ್ಜಿಯೇ ಮೂರು ಸಲ ತಿದ್ದಿಸಿದರು.