ಅಮ್ಮ ದಿನಾ "ಪ್ರಾರ್ಥನೆ ಮಾಡಿದ್ಯಾ?" ಅಂತ ಕೇಳ್ತಾರೆ, ನಾನು ದಿನಾ ಸುಳ್ಳು ಹೇಳ್ತೀನಿ

ರಾತ್ರಿಪಾಳಿ:

ಇದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನನಗೆ 34. ಅಮ್ಮನಿಗೆ 67. ನಾನು ಮನೆ ಬಿಟ್ಟು ಬೇರೆ ಕಡೆ ಇರಲು ಶುರು ಮಾಡಿ 12 ವರ್ಷ ಆಯಿತು. ಅವತ್ತಿನಿಂದ ಇವತ್ತಿನವರೆಗೆ ರಾತ್ರಿ ಒಂಬತ್ತರ ಸುಮಾರಿಗೆ ಅಮ್ಮನ ಫೋನ್ ಬರುತ್ತದೆ. ಮಾತು ಜಾಸ್ತಿ ಇರುವುದಿಲ್ಲ. ಊಟ ಆಯ್ತಾ, ಕೆಲಸ ಹೇಗಿದೆ, ಮೈ ಹುಷಾರಿದೆಯಾ, ಅಷ್ಟೇ. ಫೋನ್ ಇಡುವ ಮುಂಚೆ ಮಾತ್ರ ತಪ್ಪದೆ ಒಂದು ಪ್ರಶ್ನೆ. "ಪ್ರಾರ್ಥನೆ ಮಾಡಿದ್ಯಾ?" ನಾನು "ಹೂಂ" ಅನ್ನುತ್ತೇನೆ. ಅವರು ಫೋನ್ ಇಡುತ್ತಾರೆ.

ಮೊದಲ ಎರಡು ಮೂರು ವರ್ಷ ಆ ಹೂಂ ನಿಜವೇ ಆಗಿತ್ತು. ಈಗ ಒಂಬತ್ತು ವರ್ಷದಿಂದ ಶುದ್ಧ ಸುಳ್ಳು. ಯಾರ ಮೇಲೂ ಸಿಟ್ಟು ಬಂದು ಬಿಟ್ಟಿದ್ದಲ್ಲ. ಏನೋ ಓದಿ ತಲೆ ಕೆಡಿಸಿಕೊಂಡಿದ್ದೂ ಅಲ್ಲ. ಒಂದು ರಾತ್ರಿ ತುಂಬಾ ಸುಸ್ತಾಗಿ ಹಾಗೇ ಮಲಗಿದೆ. ಮಾರನೆಯ ದಿನವೂ ಮರೆತೆ. ಒಂದು ವಾರ ಬಿಟ್ಟು ಮತ್ತೆ ಕೂತಾಗ ಖಾಲಿ ಮನೆಯಲ್ಲಿ ಒಬ್ಬನೇ ಮಾತಾಡಿಕೊಂಡ ಹಾಗೆ ಅನ್ನಿಸಿತು. ಆಮೇಲೆ ಕೂರಲೇ ಇಲ್ಲ. ಆರು ವರ್ಷದ ಹಿಂದೆ ಅಪ್ಪ ಹೋದರು. ಅಲ್ಲಿಂದ ಅಮ್ಮನ ಪ್ರಾರ್ಥನೆ ಜಾಸ್ತಿ ಆಯಿತು, ನನ್ನ ಹೂಂ ಇನ್ನಷ್ಟು ಚಿಕ್ಕದಾಯಿತು.

ಇಷ್ಟು ದಿನ ಇದು ನನ್ನನ್ನು ಕಾಡಿರಲಿಲ್ಲ. ಹೋದ ತಿಂಗಳು ಅಮ್ಮನಿಗೆ ಒಂದು ಆಪರೇಷನ್ ಆಯಿತು. ಹಿಂದಿನ ರಾತ್ರಿ ನಾನು ಹೆದರಿಕೊಂಡು ಫೋನ್ ಮಾಡಿದರೆ ಅವರೇ ನನಗೆ ಸಮಾಧಾನ ಹೇಳಿದರು. "ನೀನು ದಿನಾ ಮಾಡ್ತೀಯಲ್ಲ, ನನಗೇನೂ ಆಗಲ್ಲ ಬಿಡು" ಅಂದರು. ನನಗೆ ಗಂಟಲು ಕಟ್ಟಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಈಗ ನೋಡಲು ಬಂದವರಿಗೆಲ್ಲ "ಮಗನ ಪ್ರಾರ್ಥನೆಯಿಂದ ಉಳಿದೆ" ಅಂತ ಹೇಳುತ್ತಿದ್ದಾರಂತೆ.

ಹೆಂಡತಿ ಹೇಳಬೇಡಿ ಅನ್ನುತ್ತಾಳೆ, ಈ ವಯಸ್ಸಲ್ಲಿ ಯಾಕೆ ನೋವು ಕೊಡುವುದು ಅಂತ. ಅಕ್ಕನಿಗೆ ವಿಷಯವೇ ಗೊತ್ತಿಲ್ಲ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

ಲೆಕ್ಕದವನು:

ಮೊದಲು ನಿಮ್ಮ ತಲೆಯಿಂದ ಒಂದು ಭಾರ ಇಳಿಸುತ್ತೇನೆ. ನೀವು ಪ್ರಾರ್ಥನೆ ಮಾಡದೆ ಇದ್ದದ್ದಕ್ಕೆ ಅಮ್ಮನಿಗೆ ಏನಾದರೂ ಆಗಿಬಿಡುತ್ತಿತ್ತು ಅನ್ನುವ ಭಯ ಒಳಗೆಲ್ಲೋ ಇದ್ದರೆ ಅದನ್ನು ಬಿಟ್ಟುಬಿಡಿ. ಇದನ್ನು ಜನ ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆಪರೇಷನ್‌ಗೆ ಬಂದ 1802 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬೇರೆಯವರು ಪ್ರಾರ್ಥನೆ ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. ತಾವು ಯಾವ ಗುಂಪು ಅಂತ ಈ ಇಬ್ಬರಿಗೂ ಗೊತ್ತಿರಲಿಲ್ಲ. ಮೂರನೆಯ ಗುಂಪಿಗೆ ಮಾತ್ರ "ನಿಮಗಾಗಿ ಪ್ರಾರ್ಥನೆ ನಡೆಯುತ್ತಿದೆ" ಅಂತ ಹೇಳಿಯೇ ಮಾಡಿದರು. 2006ರಲ್ಲಿ ಫಲಿತಾಂಶ ಬಂತು. ಆಪರೇಷನ್ ನಂತರ ತೊಂದರೆ ಆದದ್ದು ಮೊದಲ ಗುಂಪಲ್ಲಿ ಶೇ 52, ಎರಡನೆಯದರಲ್ಲಿ ಶೇ 51. ಅಂದರೆ ವ್ಯತ್ಯಾಸವೇ ಇಲ್ಲ. ತಮಾಷೆ ಏನಂದರೆ, ಪ್ರಾರ್ಥನೆ ನಡೆಯುತ್ತಿದೆ ಅಂತ ಗೊತ್ತಿದ್ದವರಲ್ಲಿ ಶೇ 59! ಅದು ಬರೀ ಕಾಕತಾಳೀಯ ಇರಬಹುದು ಅಂತ ಆ ಸಂಶೋಧಕರೇ ಹೇಳಿದ್ದಾರೆ, ಅದನ್ನು ಹಿಡಿದು ಎಳೆಯುವುದು ಬೇಡ.

ಅಮ್ಮನನ್ನು ಉಳಿಸಿದ್ದು ಡಾಕ್ಟರು. ನೀವು ಹೂಂ ಅಂದು ಮಲಗಿ.

ಕಿಟಕಿ ಪಕ್ಕದ ಸೀಟು:

ಅಯ್ಯೋ, ಇದಕ್ಕೆ ಇಷ್ಟು ಯೋಚನೆ ಯಾಕೆ? ಅಮ್ಮ ಕೇಳುತ್ತಿರುವುದು ಪ್ರಾರ್ಥನೆ ಬಗ್ಗೆ ಅಲ್ಲವೇ ಅಲ್ಲ. "ನೀನು ಚೆನ್ನಾಗಿದ್ದೀಯಾ?" ಅಂತ ಕೇಳುವ ಅವರ ರೀತಿ ಅದು. ನೀವು ಚೆನ್ನಾಗಿದ್ದೀರಿ, ಹೂಂ ಅನ್ನುತ್ತೀರಿ. ಇದರಲ್ಲಿ ಸುಳ್ಳು ಎಲ್ಲಿ ಬಂತು?

ಅರೆಬರೆ ಭಕ್ತೆ:

ಮೇಲಿನವರ ಮಾತು ಕೇಳಲು ಚೆಂದ, ಆದರೆ ನಾನು ಒಪ್ಪುವುದಿಲ್ಲ. ನಾನು ನಂಬುವವಳು, ಅದಕ್ಕೇ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಂಬದವರು ನಮ್ಮ ಮಾತಿಗೆ ತಮ್ಮದೇ ಅರ್ಥ ಹಚ್ಚಿಕೊಂಡು, "ಪಾಪ, ಅದು ಅವರ ಪ್ರೀತಿ ತೋರಿಸುವ ರೀತಿ" ಅಂತ ತಲೆ ಸವರಿ ಮುಂದೆ ಹೋಗುತ್ತಾರಲ್ಲ, ಅದು ಎದುರಾಎದುರು ಜಗಳ ಆಡುವುದಕ್ಕಿಂತ ಜಾಸ್ತಿ ಚುಚ್ಚುತ್ತದೆ. ಚೆನ್ನಾಗಿದ್ದೀಯಾ ಅಂತ ಅಮ್ಮ ಮೊದಲೇ ಕೇಳಿಯಾಯಿತಲ್ಲ. ಊಟ ಕೇಳಿದರು, ಕೆಲಸ ಕೇಳಿದರು, ಮೈ ಕೇಳಿದರು. ಕೊನೆಗೆ ಪ್ರಾರ್ಥನೆ ಬಗ್ಗೆ ಕೇಳುತ್ತಾರೆ ಅಂದರೆ ಅವರು ಪ್ರಾರ್ಥನೆ ಬಗ್ಗೆಯೇ ಕೇಳುತ್ತಿದ್ದಾರೆ. ಅವರ ಪಾಲಿಗೆ ಅಲ್ಲಿ ನಿಜವಾಗಿ ಒಬ್ಬರು ಇದ್ದಾರೆ, ಮಗ ಅವರ ಜೊತೆ ಮಾತು ಬಿಟ್ಟಿದ್ದಾನಾ ಇಲ್ಲವಾ ಅನ್ನುವುದು ಅವರಿಗೆ ದೊಡ್ಡ ಸಂಗತಿ.

ಲೆಕ್ಕದವರಿಗೂ ಒಂದು ಮಾತು. ಶೇ 52, ಶೇ 51 ಎಲ್ಲ ಸರಿ. ಪ್ರಾರ್ಥನೆಯನ್ನು ಮಾತ್ರೆ ಥರ ನುಂಗುವವರಿಗೆ ಅದು ಉತ್ತರ. ನಾನಂತೂ ಹಾಗೆ ಮಾಡುವುದಿಲ್ಲ. ಎಷ್ಟೋ ದಿನ ನನಗೂ ಆ ಕಡೆಯಿಂದ ಏನೂ ಕೇಳಿಸುವುದಿಲ್ಲ, ಆದರೂ ಕೂರುತ್ತೇನೆ. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷ ಆದಮೇಲೆ ಅವರ ಪತ್ರಗಳು ಹೊರಗೆ ಬಂದವು. ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೆ ಒಳಗೆ ಬರೀ ಕತ್ತಲೆ, ದೇವರು ಇದ್ದಾನೆ ಅನ್ನಿಸುತ್ತಲೇ ಇರಲಿಲ್ಲ ಅಂತ ಅವುಗಳಿಂದ ಗೊತ್ತಾಯಿತು. ಅದನ್ನು ಅವರು ತಮ್ಮ ಗುರುಗಳಿಗೆ ಬರೆದುಕೊಂಡಿದ್ದರು. ಅದೇ ಚರ್ಚು 2016ರಲ್ಲಿ ಅವರನ್ನು ಸಂತರು ಅಂತ ಸಾರಿತು. ನೀವೂ ಮತ್ತೆ ನಂಬಿ ಅಂತ ಇದನ್ನು ಹೇಳುತ್ತಿಲ್ಲ. ನಂಬುವವರಿಗೆ ಖಾಲಿತನ ಅಂದರೆ ಏನು ಅಂತ ಗೊತ್ತೇ ಇರುವುದಿಲ್ಲ, ಹೇಳಿದರೆ ಅಮ್ಮ ಕುಸಿದು ಹೋಗುತ್ತಾರೆ ಅಂತ ನೀವು ಸುಮ್ನೆ ಅಂದುಕೊಂಡಿದ್ದೀರಿ. ಅವರಿಗೂ ಅದರ ಪರಿಚಯ ಇರಬಹುದು, ಯಾರಿಗೆ ಗೊತ್ತು.

ಭಾಷಣ ಬೇಡ. ಒಂದು ದಿನ "ಇವತ್ತು ಮಾಡಲಿಲ್ಲಮ್ಮ" ಅನ್ನಿ ಸಾಕು.

ಹಳೇ ಸ್ಲೇಟು:

ನಾನು ಹೇಳಲೇ ಇಲ್ಲ. ನನ್ನಮ್ಮ ಹೋಗಿ ನಾಲ್ಕು ವರ್ಷ ಆಯಿತು. ಕೊನೆಯ ವಾರ ಪ್ರತಿದಿನ ಕೈ ಹಿಡಿದುಕೊಂಡು ಅವರ ಜೊತೆ ನಾನೂ ತುಟಿ ಆಡಿಸಿದೆ. ಹೇಳಬೇಕಿತ್ತು ಅಂತ ಒಂದು ದಿನವೂ ಅನ್ನಿಸಿಲ್ಲ. ನಿಜ ಹೇಳಿದರೆ ಎದೆ ಹಗುರ ಆಗುತ್ತದೆ ಅನ್ನುತ್ತಾರೆ, ಸರಿ, ಯಾರ ಎದೆ?

ಇಬ್ಬರ ಅಮ್ಮ:

ನಾನು ಸಾಮಾನ್ಯವಾಗಿ ಇಲ್ಲಿ ಓದಿಕೊಂಡು ಹೋಗುವವಳು, ಬರೆಯುವುದು ಕಡಿಮೆ. ಇವತ್ತು ಬರೆಯದೆ ಇರಲು ಆಗಲಿಲ್ಲ. ಯಾಕಂದರೆ ಈ ಕಥೆಯಲ್ಲಿ ನಾನು ಫೋನಿನ ಆ ಕಡೆ ಇದ್ದವಳು.

ನನ್ನ ದೊಡ್ಡ ಮಗಳು ಏಳು ವರ್ಷ ನನಗೆ ಹೀಗೇ ಹೂಂ ಅಂದಳು. ಒಂದು ದಿನ ಬೇರೆ ಯಾವುದಕ್ಕೋ ಮಾತಿಗೆ ಮಾತು ಬೆಳೆದು, ಆ ಸಿಟ್ಟಿನಲ್ಲಿ ಇದನ್ನೂ ಹೊರಗೆ ಹಾಕಿದಳು. ಅದೇನೋ ತೀರ್ಪು ಓದಿದ ಹಾಗೆ. ನನಗೆ ದೇವರು ನೆನಪಾಗಲಿಲ್ಲ, ನಿಜ ಹೇಳುತ್ತೇನೆ. ನಾನು ಕೇಳಿದ್ದು ಒಂದೇ, "ಯಾವಾಗಿನಿಂದ?" ಅಂತ. ಅವಳು ಹೇಳಿದಳು. ಅವತ್ತು ರಾತ್ರಿ ಮಲಗಿ ಲೆಕ್ಕ ಹಾಕುತ್ತಾ ಹೋದೆ. ಅವಳ ಕಾಲು ಮುರಿದಾಗ ಕೇಳಿದ್ದೆನಲ್ಲ, ಆಗಲೂ ಸುಳ್ಳಾ? ಮೊಮ್ಮಗ ಹುಟ್ಟಿದ ದಿನ ಅವಳು ತಾನೇ ಫೋನ್ ಮಾಡಿ "ಮಾಡಿದೆ ಅಮ್ಮ" ಅಂದಿದ್ದಳಲ್ಲ, ಅದೂನಾ? ಏಳು ವರ್ಷದ ಒಂದೊಂದೇ ಫೋನನ್ನು ಎತ್ತಿ ನೋಡಿ ಇದು ನಿಜ, ಇದು ಸುಳ್ಳು ಅಂತ ಬೇರೆ ಬೇರೆ ಇಟ್ಟೆ. ಅವಳು ನಂಬುವುದಿಲ್ಲ ಅನ್ನುವುದು ನನಗೆ ಒಂದು ತಿಂಗಳಲ್ಲಿ ಒಗ್ಗಿಹೋಯಿತು. ಮಕ್ಕಳು ನಮ್ಮ ಹಾಗೇ ಇರಬೇಕು ಅಂತ ಎಲ್ಲಿದೆ. ಆದರೆ ಆ ವಿಂಗಡಣೆ ಮುಗಿಯಲು ವರ್ಷ ಹಿಡಿಯಿತು. ಈಗಲೂ ಯಾವಾಗಲಾದರೂ ಅವಳು ಫೋನಲ್ಲಿ "ಹೂಂ, ಔಷಧಿ ತಗೊಂಡೆ" ಅಂದರೆ ಒಂದು ಕ್ಷಣ ನಿಲ್ಲುತ್ತೇನೆ.

ಹೇಳುವುದಾದರೆ ಫೋನಲ್ಲಿ ಬೇಡ, ಮುಖ ನೋಡಿ ಹೇಳಿ. ವಾದ ತಗೊಂಡು ಹೋಗಬೇಡಿ, ಲೆಕ್ಕದವರ 1802 ಜನರನ್ನಂತೂ ಮನೆ ಒಳಗೆ ಕರೆದುಕೊಂಡು ಹೋಗಲೇಬೇಡಿ. "ನಿನಗೆ ನೋವಾಗಬಾರದು ಅಂತ ಸುಳ್ಳು ಹೇಳಿದೆ" ಅಂತ ಮಾತ್ರ ಅನ್ನಬೇಡಿ ಮಗಾ. ನನ್ನ ಮಗಳು ಅದನ್ನೇ ಅಂದಳು, ಸುಳ್ಳಿನ ಬಿಲ್ಲೂ ನನ್ನ ಹೆಸರಿಗೇ ಬಂದ ಹಾಗೆ ಆಯಿತು.

ಇನ್ನೊಂದು ವಿಷಯ, ಯಾರಿಗೂ ಹೇಳಿಲ್ಲ. ಸುಸ್ತಾದ ದಿನ ನಾನೂ ಎಷ್ಟೋ ಸಲ ಪ್ರಾರ್ಥನೆ ಮಾಡದೆ ಮಲಗಿದ್ದೇನೆ. ನನ್ನನ್ನು ಕೇಳುವವರಿಲ್ಲ, ಬಚಾವು.

ಲೆಕ್ಕದವನು:

ಸರಿ, ನಾನು ಹೊರಗೇ ಕೂತಿರುತ್ತೇನೆ. 😀 ಆದರೆ ನಿಮ್ಮ ಮಾತು ಓದಿ ಇನ್ನೊಂದು ನೆನಪಾಯಿತು, ಬೈಯಬೇಡಿ. ಬೆಲ್ಲಾ ಡಿಪಾಲೊ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು 1996ರಲ್ಲಿ ಒಂದು ಕೆಲಸ ಮಾಡಿದರು. 77 ಕಾಲೇಜು ಹುಡುಗ ಹುಡುಗಿಯರು ಮತ್ತು ಹೊರಗಿನ 70 ಜನ ಒಂದು ವಾರ ತಾವು ಹೇಳಿದ ಸುಳ್ಳನ್ನೆಲ್ಲ ಡೈರಿಯಲ್ಲಿ ಬರೆದಿಟ್ಟರು. ಕಾಲೇಜಿನವರು ದಿನಕ್ಕೆ ಸುಮಾರು ಎರಡು, ಉಳಿದವರು ಒಂದು. ಇಂಥ ಚಿಲ್ಲರೆ ಸುಳ್ಳನ್ನು ಹತ್ತಿರದವರಿಗೆ ನಾವು ಕಡಿಮೆ ಹೇಳುತ್ತೇವಂತೆ. ಆದರೆ ಜೀವನದ ದೊಡ್ಡ ಸುಳ್ಳು ಯಾವುದು, ಯಾರಿಗೆ ಹೇಳಿದಿರಿ ಅಂತ ಆಮೇಲೆ ಬೇರೆಯಾಗಿ ಕೇಳಿದಾಗ ಹೆಚ್ಚಿನವು ತೀರಾ ಹತ್ತಿರದವರ ನಡುವೆಯೇ ಸಿಕ್ಕವು. ನಿಮ್ಮ ಹೂಂ ಅನ್ನು ನಾನು ಚಿಲ್ಲರೆ ಡಬ್ಬಿಗೆ ಹಾಕಿದ್ದೆ. ಡಬ್ಬಿ ತಪ್ಪಾಯಿತು ಅನ್ನಿಸುತ್ತದೆ.

ರಾತ್ರಿಪಾಳಿ (ಐದು ವಾರದ ನಂತರ):

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಹಳೇ ಸ್ಲೇಟು ಅವರ "ಯಾರ ಎದೆ" ಓದಿ ಒಂದು ವಾರ ಸುಮ್ಮನಿದ್ದೆ. ಆಮೇಲೆ ರಜೆ ಹಾಕಿ ಹೋದೆ.

ಅಮ್ಮ ಬಟ್ಟೆ ಮಡಿಚುತ್ತಿದ್ದರು. ಏನೇನೋ ಪೀಠಿಕೆ ಯೋಚಿಸಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ನಿನ್ನ ಆಪರೇಷನ್ ಹಿಂದಿನ ರಾತ್ರಿ ನಾನು ಪ್ರಾರ್ಥನೆ ಮಾಡಿರಲಿಲ್ಲಮ್ಮ. ಬೆಳಗಿನ ತನಕ ಎದ್ದೇ ಇದ್ದೆ, ಆದರೆ ಮಾಡಲಿಲ್ಲ. ಮಾಡಿ ತುಂಬಾ ವರ್ಷ ಆಯ್ತು" ಅಂದೆ. ಇಬ್ಬರ ಅಮ್ಮ, ನೀವು ಹೇಳಿದ ಹಾಗೇ ಆಯಿತು. "ಯಾವಾಗಿನಿಂದ?" ಅಂದರು. ಒಂಬತ್ತು ವರ್ಷ ಅಂದೆ. ಮಡಿಚಿಟ್ಟ ಶರ್ಟನ್ನೇ ಬಿಡಿಸಿ ಮತ್ತೆ ಮಡಿಚಿದರು. ಅವರು ಏನು ಲೆಕ್ಕ ಹಾಕುತ್ತಿದ್ದಾರೆ ಅಂತ ನನಗೆ ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಅಪ್ಪನಿಗೂ ಮಾಡಿಲ್ಲ" ಅಂದರು. ಪ್ರಶ್ನೆ ಕೂಡ ಅಲ್ಲ. ನಾನು ಇಲ್ಲ ಅಂದೆ. ಎದ್ದು ಒಳಗೆ ಹೋದರು.

ಅದಕ್ಕೆ ನಾನು ತಯಾರಾಗಿರಲಿಲ್ಲ. ಅಮ್ಮನ ಆಪರೇಷನ್ ಒಂದನ್ನೇ ತಲೆಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಅಪ್ಪ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಅಮ್ಮ ಕೇಳಿದ್ದರು, ಹನ್ನೊಂದು ದಿನವೂ ಹೂಂ ಅಂದಿದ್ದೆ. ನನಗೆ ಅದು ಮರೆತೇ ಹೋಗಿತ್ತು. ಅವರಿಗೆ ಮರೆತಿರಲಿಲ್ಲ.

ಇದ್ದ ಎರಡು ದಿನ ಮಾತು ಕಡಿಮೆ. ಬೈಯಲಿಲ್ಲ, ಅಳಲೂ ಇಲ್ಲ. ನಾನು ವಾಪಸ್ ಬಂದಮೇಲೆ ಫೋನ್ ಮಾತ್ರ ತಪ್ಪದೆ ಒಂಬತ್ತಕ್ಕೆ ಬಂತು. ಊಟ, ಕೆಲಸ, ಮೈ. ಆಮೇಲೆ ಆ ಪ್ರಶ್ನೆ ಇರುತ್ತಿದ್ದ ಜಾಗದಲ್ಲಿ ಇಬ್ಬರೂ ಒಂದು ಕ್ಷಣ ಸುಮ್ಮನಿರುತ್ತೇವೆ, ಫೋನ್ ಇಡುತ್ತೇವೆ. ಹೀಗೇ ಎರಡು ವಾರ ನಡೆಯಿತು. ಹಗುರ ಗಿಗುರ ಏನೂ ಆಗಲಿಲ್ಲ ಅಂತ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಫೋನ್ ಅರ್ಧ ಗಂಟೆ ತಡವಾಗಿ ಬಂತು. ನನಗೆ ಗಾಬರಿ. ಯಾಕಮ್ಮ ತಡ ಅಂದರೆ, "ನಿನ್ನದೂ ನಾನೇ ಮಾಡ್ಬೇಕಲ್ಲ, ಹೊತ್ತು ಹಿಡಿಯುತ್ತೆ" ಅಂದರು. ದನಿಯಲ್ಲಿ ಸಿಟ್ಟು ಇತ್ತು. ನನಗೆ ನಗು ಬಂತು, ಅದರ ಹಿಂದೆಯೇ ಸ್ವಲ್ಪ ರೇಗಿತು ಕೂಡ, ನನ್ನ ಪಾಲಿನದನ್ನು ಮಾಡಿ ಅಂತ ಇವರಿಗೆ ಹೇಳಿದವರು ಯಾರು ಅಂತ. ಏನೂ ಅನ್ನಲಿಲ್ಲ.

ಅಕ್ಕನಿಗೂ ಹೇಳಿಬಿಡಲಾ ಅಂತ ಕೇಳಿದೆ. ಬೇಡವೇ ಬೇಡ ಅಂದರು. ಅವಳು ಅಪ್ಪನ ವಿಷಯ ತೆಗೆದು ಅಳುತ್ತಾ ಕೂರುತ್ತಾಳೆ, ಅವಳು ಕೇಳಿದರೆ ಹೂಂ ಅಂದುಬಿಡು ಅಂದರು.