ಪತ್ನಿಯ ಮಗನನ್ನು ಡಿಪೆಂಡೆಂಟ್ (ಅವಲಂಬಿತ) ಎಂದು ತೋರಿಸಿದರೆ ಇ-ಫೈಲ್ ತಿರಸ್ಕೃತವಾಗುತ್ತಿದೆ (ಅಮೆರಿಕದ 2024ರ ತೆರಿಗೆ ರಿಟರ್ನ್)

ಫ್ರಿಮಾಂಟ್‌ವಾಸಿ: ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ಜಂಟಿಯಾಗಿ ಸಲ್ಲಿಸಿದ ರಿಟರ್ನ್ ಮತ್ತೆ ತಿರಸ್ಕೃತವಾಗಿದೆ. ಅವರ ಮೊದಲ ಮದುವೆಯ ಮಗ 22 ವರ್ಷದವನು, ಟೆಕ್ಸಸ್‌ನಲ್ಲಿ ಪೂರ್ಣಾವಧಿ ವಿದ್ಯಾರ್ಥಿ. ಕಾಲೇಜು ಶುಲ್ಕ, ಬಾಡಿಗೆ, ಊಟದ ಖರ್ಚು ಎಲ್ಲವೂ ನಮ್ಮದೇ ಆಗಿರುವಾಗ, ಅವನ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ) ಬೇರೊಂದು ರಿಟರ್ನ್‌ನಲ್ಲಿ ಬಳಕೆಯಾಗಿದೆ ಎಂದರೆ ಏನರ್ಥ? ಸಾಫ್ಟ್‌ವೇರ್‌ಗೆ ಫೋನ್ ಮಾಡಿ ಸಾಕಾಗಿದೆ.

ಎಡಿಸನ್_ಲೆಕ್ಕ: ಅನುಮಾನವೇ ಬೇಡ, ಹುಡುಗನ ಸ್ವಂತ ತಂದೆ ಅವನನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿದ್ದಾರೆ. ಫಾರ್ಮ್ 8332 (ಮಗುವನ್ನು ಡಿಪೆಂಡೆಂಟ್ ಎಂದು ತೋರಿಸುವ ಹಕ್ಕನ್ನು ಒಬ್ಬ ಪೋಷಕರು ಇನ್ನೊಬ್ಬರಿಗೆ ಬಿಟ್ಟುಕೊಡುವ ಪತ್ರ) ವಿಚಾರಿಸಿ.

ಫ್ರಿಮಾಂಟ್‌ವಾಸಿ: ಅವರಿರುವುದು ಹುಬ್ಬಳ್ಳಿಯಲ್ಲಿ. ಅಮೆರಿಕಕ್ಕೆ ಬಂದವರೇ ಅಲ್ಲ.

ಎಡಿಸನ್_ಲೆಕ್ಕ: ಆದರೂ 8332 ಕಡತದಲ್ಲಿದ್ದರೆ ಒಳ್ಳೆಯದು. ನಾನಂತೂ ಎಲ್ಲ ಫಾರ್ಮ್‌ಗಳನ್ನೂ ವರ್ಷವಾರು ಎಕ್ಸೆಲ್‌ನಲ್ಲಿ ಜೋಡಿಸಿಟ್ಟಿದ್ದೇನೆ, ಸಿಪಿಎಗೆ (ಲೆಕ್ಕಪರಿಶೋಧಕರಿಗೆ) ಒಂದು ಡಾಲರೂ ಕೊಟ್ಟವನಲ್ಲ. ಅಂದ ಹಾಗೆ, ಹುಡುಗನ ಸಂಪಾದನೆ 2024ರಲ್ಲಿ 5,050 ಡಾಲರ್ ಮುಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಪ್ಲೇನೋ_ಅಕ್ಕ: ಎಡಿಸನ್ ಅವರೇ, ಬೇರೆಯಾದ ತಂದೆತಾಯಿಯರ ನಡುವೆ ಕಸ್ಟಡಿಯ ಮಕ್ಕಳಿಗಾಗಿ ಇರುವ ಫಾರ್ಮನ್ನು 22ರ ಯುವಕನಿಗೆ ಏಕೆ ಎಳೆದು ತರುತ್ತೀರಿ? 5,050ರ ಮಿತಿಯೂ ‘ಕ್ವಾಲಿಫೈಯಿಂಗ್ ರಿಲೆಟಿವ್’ (ಅವಲಂಬಿತ ಬಂಧು) ವರ್ಗದ್ದು. ವರ್ಷದಲ್ಲಿ ಕನಿಷ್ಠ 5 ತಿಂಗಳು ಪೂರ್ಣಾವಧಿ ಓದುವ, 24 ತುಂಬದ ಮಗನಿಗೆ ಆದಾಯದ ಮಿತಿಯಿಲ್ಲ. ತನ್ನ ಜೀವನ ವೆಚ್ಚದ ಅರ್ಧಕ್ಕಿಂತ ಹೆಚ್ಚನ್ನು ಅವನೇ ಭರಿಸಿರಬಾರದು, ಅಷ್ಟೆ. ಓದಿಗಾಗಿ ಹಾಸ್ಟೆಲಿನಲ್ಲಿದ್ದರೂ ನಿಮ್ಮ ಮನೆಯಲ್ಲಿದ್ದಂತೆಯೇ ಲೆಕ್ಕ, ಮಲಮಗನಿಗೂ ಮಗನಿಗೂ ಭೇದವಿಲ್ಲ. ಫ್ರಿಮಾಂಟ್ ಅವರೇ, ಹುಡುಗ ತಾನೇ ರಿಟರ್ನ್ ಸಲ್ಲಿಸಿದ್ದಾನೆಯೇ?

ಫ್ರಿಮಾಂಟ್‌ವಾಸಿ: ಈಗಷ್ಟೇ ಕೇಳಿದೆ. ಕ್ಯಾಂಪಸ್ ಕೆಲಸದ ಡಬ್ಲ್ಯೂ-2 (ವರ್ಷದ ಸಂಬಳದ ಪತ್ರ) ಇಟ್ಟುಕೊಂಡು ಫೆಬ್ರವರಿಯಲ್ಲೇ 1040 (ರೆಸಿಡೆಂಟ್‌ಗಳ ರಿಟರ್ನ್ ಫಾರ್ಮ್) ಸಲ್ಲಿಸಿದ್ದಾನಂತೆ. ‘ನಿಮ್ಮನ್ನು ಬೇರೆಯವರು ಡಿಪೆಂಡೆಂಟ್ ಎಂದು ತೋರಿಸಬಹುದೇ’ ಎಂಬಲ್ಲಿ ಗುರುತು ಹಾಕಿಲ್ಲ, ತಿರಸ್ಕಾರಕ್ಕೆ ಅದೇ ಕಾರಣವಿರಬೇಕು. 2023ರ ಆಗಸ್ಟ್‌ನಲ್ಲಿ ಎಫ್-1 ವೀಸಾದಲ್ಲಿ ಮೊದಲ ಸಲ ಬಂದವನು, ಇಲ್ಲಿನ ಕ್ರಮ ಅವನಿಗೆ ಗೊತ್ತಿಲ್ಲ.

ಪ್ಲೇನೋ_ಅಕ್ಕ: ವೀಸಾದ ವಿಷಯವನ್ನು ಮೊದಲ ಸಾಲಿನಲ್ಲೇ ಬರೆಯಬಾರದಿತ್ತೇ ಸಾರ್! ಎಫ್-1 ವಿದ್ಯಾರ್ಥಿಯ ಮೊದಲ 5 ಕ್ಯಾಲೆಂಡರ್ ವರ್ಷಗಳ ದಿನಗಳು ಸಬ್‌ಸ್ಟಾನ್ಷಿಯಲ್ ಪ್ರೆಸೆನ್ಸ್ (ಅಮೆರಿಕದಲ್ಲಿದ್ದ ದಿನಗಳಿಂದ ತೆರಿಗೆಯ ಮಟ್ಟಿಗೆ ರೆಸಿಡೆಂಟೇ ಎಂದು ನೋಡುವ) ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ 2024ಕ್ಕೆ ಅವನು ನಾನ್-ರೆಸಿಡೆಂಟ್. ಡಿಪೆಂಡೆಂಟ್ ಆಗಬೇಕಾದವರು ಅಮೆರಿಕದ ಪ್ರಜೆಯೋ ರೆಸಿಡೆಂಟೋ ಆಗಿರಬೇಕು, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೋದ ನಿವಾಸಿಯಾಗಿರಬೇಕು. ಆದ್ದರಿಂದ ಡಿಪೆಂಡೆಂಟ್‌ಗಾಗಿ ಕೊಡುವ 500 ಡಾಲರ್ ಕ್ರೆಡಿಟ್ (ತೆರಿಗೆಯಲ್ಲಿ ಕಡಿತ) ನಿಮಗೆ ಸಿಗದು. ಅವನು ಸಲ್ಲಿಸಬೇಕಾಗಿದ್ದದ್ದೂ 1040-ಎನ್‌ಆರ್ (ನಾನ್-ರೆಸಿಡೆಂಟ್‌ಗಳ ಫಾರ್ಮ್). ಅದನ್ನು ತುಂಬಿ 1040-ಎಕ್ಸ್‌ಗೆ ಲಗತ್ತಿಸಿ ತಿದ್ದುಪಡಿ ಮಾಡಿಸಿ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದಾಗಿ ಭಾರತೀಯ ವಿದ್ಯಾರ್ಥಿಗೆ ಎನ್‌ಆರ್‌ನಲ್ಲೂ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, 2024ಕ್ಕೆ 14,600 ಡಾಲರ್. ಫಾರ್ಮ್ 8843 (ಆ ದಿನಗಳನ್ನು ಲೆಕ್ಕದಿಂದ ಬಿಡಲು ಕೊಡುವ ಹೇಳಿಕೆ) ಮರೆಯಬೇಡಿ.

ಎಡಿಸನ್_ಲೆಕ್ಕ: ಪತ್ನಿಯನ್ನು ರೆಸಿಡೆಂಟ್ ಎಂದು ಆಯ್ದುಕೊಳ್ಳುವಂತೆ ಮಗನನ್ನೂ ಆಯ್ದುಕೊಳ್ಳಬಹುದಲ್ಲ?

ಪ್ಲೇನೋ_ಅಕ್ಕ: ಆ ಆಯ್ಕೆ ದಂಪತಿಗಳಿಗೆ ಮಾತ್ರ. ನಿಮ್ಮ ಎಕ್ಸೆಲ್‌ನಲ್ಲಿ ಅದೊಂದು ಕಾಲಂ ಸೇರಿಸಿಕೊಳ್ಳಿ.

ಫ್ರಿಮಾಂಟ್‌ವಾಸಿ: ಅವನ ಹೆಸರು ತೆಗೆದು ಕಳಿಸಿದೆ, ಸ್ವೀಕೃತವಾಯಿತು. ಧನ್ಯವಾದಗಳು. ಅವನಿಗೆ ಫೆಡರಲ್ ರಿಫಂಡ್ ಆಗಲೇ ಬಂದು ಖರ್ಚಾಗಿದೆ. ತಿದ್ದುಪಡಿಯ ನಂತರ ಬಾಕಿ ಬಿದ್ದರೆ ಬಡ್ಡಿಯೂ ಸೇರುತ್ತದೆಯೇ?