118 ಮಕ್ಕಳಿರುವ ಪ್ರೌಢಶಾಲೆಗೆ 25,000 ಗ್ರಾಂಟ್: ಏಕೆ, ಮಾರ್ಚ್ ಒಳಗೆ ಖರ್ಚು ಹೇಗೆ?

ಪ್ರಭಾರಿ_ಮುಶಿ
ನಮ್ಮದು ಸರ್ಕಾರಿ ಪ್ರೌಢಶಾಲೆ, 8ರಿಂದ 10. ದಾಖಲಾತಿ 118. ಸಮಗ್ರ ಶಿಕ್ಷಣ ಯೋಜನೆಯ ಕಾಂಪೋಸಿಟ್ ಗ್ರಾಂಟ್‌ಗೆ (ಶಾಲೆಯ ವಾರ್ಷಿಕ ಖರ್ಚಿನ ಅನುದಾನ) ಪಿಎಫ್‌ಎಂಎಸ್‌ನಲ್ಲಿ (ಸರ್ಕಾರಿ ಹಣ ಪಾವತಿಯ ಜಾಲತಾಣ) 25,000 ರೂ. ಲಿಮಿಟ್ ತೋರಿಸುತ್ತಿದೆ. ನೂರು ದಾಟಿದರೆ 50,000 ಅಲ್ಲವೇ? ಎರಡು ಕೊಠಡಿಗಳ ತಾರಸಿ ಸೋರುತ್ತಿದೆ, ಲ್ಯಾಬ್‌ನಲ್ಲಿ ರಾಸಾಯನಿಕ ಮುಗಿದಿದೆ, ಹುಡುಗಿಯರ ಶೌಚಾಲಯದ ಪೈಪ್ ಒಡೆದಿದೆ. ಇಷ್ಟರಲ್ಲಿ ಯಾವುದಕ್ಕೆ ಕೈ ಹಾಕಬಹುದು? ಕಳೆದ ವರ್ಷದ ಲಿಮಿಟ್ ಬಳಕೆಯಾಗದೆ ಹೋಗಿದೆ, ಈ ಸಲ ಹಾಗಾಗಬಾರದು.

ಲೆಕ್ಕದ_ವಹಿ
ಸರ್, ಮೊದಲು ಬಿಡುಗಡೆ ಆದೇಶ ತೆಗೆದು ನೋಡಿ. 25,000ಕ್ಕೆ ಎರಡು ಅರ್ಥ ಇರಬಹುದು. ಮಾರ್ಗಸೂಚಿಯ ಪ್ರಕಾರ 30 ಮಕ್ಕಳವರೆಗೆ 10,000, 100ರವರೆಗೆ 25,000, 250ರವರೆಗೆ 50,000, 1000ದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ. ಆದೇಶದಲ್ಲಿ 'ಮೊದಲ ಕಂತು' ಎಂದಿದ್ದರೆ ನಿಮಗೆ ಬಂದಿರುವುದು 50,000ದ ಅರ್ಧ. ಪೂರ್ತಿ ಮೊತ್ತವೇ 25,000 ಎಂದಿದ್ದರೆ ಯುಡೈಸ್‌ನಲ್ಲಿ (ಶಾಲೆ, ಮಕ್ಕಳ ಅಂಕಿಅಂಶದ ಕೇಂದ್ರ ಸರ್ಕಾರದ ಜಾಲತಾಣ) ನಿಮ್ಮ ಶಾಲೆ ನೂರರ ಒಳಗೆ ಕೂತಿದೆ. ವಾರ್ಷಿಕ ಯೋಜನೆ ತಯಾರಾಗುವುದು ಹಿಂದಿನ ವರ್ಷದ ಯುಡೈಸ್ ಪ್ಲಸ್ ಸಂಖ್ಯೆಯ ಮೇಲೆ, ಈಗಿನ ಹಾಜರಿ ಪುಸ್ತಕದ ಮೇಲಲ್ಲ.

ಖರ್ಚಿನ ವಿಷಯ. ಶೌಚಾಲಯದ ಪೈಪ್ ಮೊದಲು ಮಾಡಿಸಿ. ಗ್ರಾಂಟ್‌ನ ಕನಿಷ್ಠ ಶೇ 10 ಸ್ವಚ್ಛತೆಗೇ ಹೋಗಬೇಕು, ಅಂದರೆ 2,500. ಪೈಪ್, ನಲ್ಲಿ, ಫಿನಾಯಿಲ್, ಕೈ ತೊಳೆಯುವ ಸೋಪು ಎಲ್ಲ ಅದರಲ್ಲಿ ಬರುತ್ತದೆ. ಹೆಣ್ಣುಮಕ್ಕಳ ಹಾಜರಿಗೂ ಇದಕ್ಕೂ ನೇರ ಸಂಬಂಧ ಇದೆ, ದಯವಿಟ್ಟು ಮುಂದೂಡಬೇಡಿ. ಲ್ಯಾಬ್ ಸಾಮಗ್ರಿಗೂ ಅವಕಾಶ ಇದೆ. ಕ್ರೀಡೆ ಮತ್ತು ಗ್ರಂಥಾಲಯಕ್ಕೆ ಬೇರೆ ಶೀರ್ಷಿಕೆಯಲ್ಲಿ ಹಣ ಬರುವುದರಿಂದ ಅವನ್ನು ಇದರಿಂದ ಕೊಳ್ಳದಿರುವುದೇ ಒಳ್ಳೆಯದು.

ಲಿಮಿಟ್ ಎಂದರೆ ಖಾತೆಯಲ್ಲಿರುವ ಹಣ ಅಲ್ಲ, ಖರ್ಚು ಮಾಡಬಹುದಾದ ಮಿತಿ. ಶಾಲೆಯದು ಶೂನ್ಯ ಶಿಲ್ಕಿನ ಖಾತೆ, ಹಣ ರಾಜ್ಯದ ನೋಡಲ್ ಖಾತೆಯಲ್ಲೇ ಇರುತ್ತದೆ. ಮಾರ್ಚ್ 31ರೊಳಗೆ ಪಾವತಿ ಆಗದ ಲಿಮಿಟ್ ಹೋಯಿತೆಂದೇ ಲೆಕ್ಕ. ಆದ್ದರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ ಮೊದಲು, ದರಪಟ್ಟಿ ಆಮೇಲೆ, ಬಿಲ್ ಕೊನೆಗೆ. ಬಿಲ್‌ನ ತಾರೀಖು ನಡಾವಳಿಗಿಂತ ಹಿಂದಿನದಾಗಿದ್ದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಖಚಿತ.

ತಾಲ್ಲೂಕು_ಎಂಐಎಸ್
ಪಾವತಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರೆ ವೆಂಡರ್ (ಸಾಮಗ್ರಿ ಕೊಡುವ ಅಂಗಡಿಯವರ) ನೋಂದಣಿಯಲ್ಲಿ. ಅಂಗಡಿಯ ಬೋರ್ಡಿನ ಹೆಸರು ಹಾಕುತ್ತಾರೆ, ಪಾಸ್‌ಬುಕ್‌ನಲ್ಲಿ ಮಾಲೀಕರ ಹೆಸರಿರುತ್ತದೆ, ಬ್ಯಾಂಕ್ ತಿರಸ್ಕರಿಸುತ್ತದೆ. ಪಾಸ್‌ಬುಕ್‌ನಲ್ಲಿರುವ ಅಕ್ಷರವನ್ನೇ ನಮೂದಿಸಿ. ವಿಲೀನವಾದ ಬ್ಯಾಂಕುಗಳ ಹಳೆಯ ಐಎಫ್‌ಎಸ್‌ಸಿ ನಡೆಯುವುದಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಸರ್ವರ್ ಮೇಲೆ ಭಾರ ಜಾಸ್ತಿ, ಹಾಗಾಗಿ ಈ ಕೆಲಸ ಇವತ್ತೇ ಶುರು ಮಾಡಿ.

ಮೇಕರ್ ಲಾಗಿನ್‌ನಲ್ಲಿ ಬಿಲ್ ಹಾಕಿ, ಚೆಕರ್ ಅನುಮೋದಿಸಿದ ಮೇಲೆ ಪಿಪಿಎ (ಬ್ಯಾಂಕಿಗೆ ಕೊಡುವ ಪಾವತಿ ಸೂಚನಾ ಪತ್ರ) ಮುದ್ರಿಸಿ, ಸಹಿ ಮಾಡಿ ಬ್ಯಾಂಕಿಗೆ ಕೊಡಬೇಕು. ಅದರ ಅವಧಿ 10 ದಿನ. ಎಷ್ಟೋ ಶಾಲೆಗಳಲ್ಲಿ ಪಿಪಿಎ ಬೀರುವಿನಲ್ಲೇ ಉಳಿದು ಅವಧಿ ಮುಗಿಯುತ್ತದೆ. ಆಗ ಅದನ್ನು ರದ್ದು ಮಾಡಿ ಮತ್ತೆ ಹೊಸದು ಮಾಡಬೇಕು. ಮುಖ್ಯಶಿಕ್ಷಕರ ಪ್ರಭಾರ ಬದಲಾಗಿದ್ದರೆ ಬ್ಯಾಂಕಿನಲ್ಲಿರುವ ಸಹಿ ಮಾದರಿ, ಲಾಗಿನ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಎರಡೂ ನಿಮ್ಮದೇ ಇವೆಯೇ ನೋಡಿಕೊಳ್ಳಿ. ಓಟಿಪಿ ವರ್ಗವಾಗಿ ಹೋದವರ ಫೋನಿಗೆ ಹೋಗುತ್ತಿದ್ದರೆ ಕೆಲಸ ಅಲ್ಲಿಗೇ ನಿಂತಿತು.

ಯುಡೈಸ್ ಬಗ್ಗೆ: 8ನೇ ತರಗತಿಗೆ ಹೊಸದಾಗಿ ಬಂದ ಮಕ್ಕಳನ್ನು ಡ್ರಾಪ್ ಬಾಕ್ಸ್‌ನಿಂದ (ಹಿಂದಿನ ಶಾಲೆ ಬಿಟ್ಟ ಮಕ್ಕಳ ಪಟ್ಟಿ) ಇಂಪೋರ್ಟ್ ಮಾಡಿಕೊಂಡಿದ್ದೀರಾ? ಹಿಂದಿನ ಶಾಲೆಯವರು ಬಿಡುಗಡೆ ಮಾಡದಿದ್ದರೆ ಆ ಮಗು ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಎಸ್‌ಎಟಿಎಸ್‌ನಲ್ಲಿ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) 118, ಯುಡೈಸ್‌ನಲ್ಲಿ 97 ಎಂಬಂಥ ವ್ಯತ್ಯಾಸ ಹುಟ್ಟುವುದು ಹೀಗೆಯೇ. ಎರಡರ ಪಟ್ಟಿ ಮುದ್ರಿಸಿ ಹೆಸರಿಗೆ ಹೆಸರು ತಾಳೆ ನೋಡಿ. ಈ ವರ್ಷದ ಮೊತ್ತ ಬದಲಾಗದು, ಮುಂದಿನದಾದರೂ ಸರಿಯಾಗುತ್ತದೆ.

ಪ್ರಭಾರಿ_ಮುಶಿ
ಧನ್ಯವಾದ. ಆದೇಶದಲ್ಲಿ ಕಂತು ಎಂದಿಲ್ಲ, ಹಾಗಾದರೆ ಯುಡೈಸ್‌ದೇ ತೊಂದರೆ. ತಾರಸಿ?

ಎಸ್‌ಡಿಎಂಸಿ_ಸದಸ್ಯೆ
ಸರ್, ಬಿರುಕು ಮುಚ್ಚುವಷ್ಟು ಸಣ್ಣ ದುರಸ್ತಿಗೆ ಈ ಹಣ ಸಾಕು. ಎರಡು ಕೊಠಡಿಯ ತಾರಸಿಗೆ ಪೂರ್ತಿ ಜಲನಿರೋಧಕ ಪದರ ಹಾಕಿಸಲು ಸಾಲದು, ಅರ್ಧ ಮಾಡಿಸಿದರೆ ಮುಂದಿನ ಮಳೆಗೆ ನೀರು ಇನ್ನೊಂದು ಕಡೆಯಿಂದ ಇಳಿಯುತ್ತದೆ. ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದಿಂದ ಅಂದಾಜು ಪಟ್ಟಿ ಮಾಡಿಸಿ, ಕೊಠಡಿಯ ಫೋಟೊ, ಸಮಿತಿ ನಡಾವಳಿ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿಗೆ ಒಂದು ಪ್ರತಿ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೆ ಇನ್ನೊಂದು ಪ್ರತಿ ಕೊಡಿ. ಬೀದರ್‌ನಿಂದ ಬಳ್ಳಾರಿವರೆಗಿನ ಏಳು ಜಿಲ್ಲೆಗಳವರಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಕೊಡಬಹುದು. ಅಂದಾಜು ಪಟ್ಟಿ ಇಲ್ಲದ ಬರೀ ಮನವಿ ಪತ್ರವನ್ನು ಯಾವ ಕಚೇರಿಯೂ ಮುಂದಕ್ಕೆ ಕಳಿಸುವುದಿಲ್ಲ.

ಲೆಕ್ಕದ_ವಹಿ
ಮೇಡಂ ಹೇಳಿದ್ದು ಸರಿ. ಪಾವತಿ ಆದ ದಿನವೇ ನಗದು ಪುಸ್ತಕಕ್ಕೆ ಏರಿಸಿ, ಲ್ಯಾಬ್ ಸಾಮಗ್ರಿಯನ್ನು ದಾಸ್ತಾನು ವಹಿಗೆ ತೆಗೆದುಕೊಂಡು ಆ ಪುಟ ಸಂಖ್ಯೆಯನ್ನು ಬಿಲ್ ಮೇಲೆ ಬರೆಯಿರಿ. ಹಣಬಳಕೆ ಪ್ರಮಾಣಪತ್ರ ಕೊಡುವಾಗ ಸ್ವಚ್ಛತೆಯ ಮೊತ್ತವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ.